ಎಥೆಲ್ ವಾಟರ್ಸ್ ಎಂಬ ಮಹಾನಟಿ

ಕವಿಯು ಗತಿಸಿದರೂ ಆತನ ಕಾವ್ಯವು ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿದಿರುತ್ತದೆ. ಶಿಲ್ಪಿಯ ಹೆಸರು ಮರೆತುಹೋದರೂ ಆತನು ಕಡೆದ ವಿಗ್ರಹವು ಗುಡಿಯಲ್ಲಿ ನಿಂತಿರುತ್ತದೆ. ನಟನ ಪಾಡು ಹಾಗಲ್ಲ. ತೆರೆ ಬಿದ್ದೊಡನೆ ಆತನ ಕೃತಿಯು ಮುಗಿಯಿತು. ಮರುದಿನ ಉಳಿಯತಕ್ಕದ್ದು ನೋಡಿದವರ ಬಾಯಿಮಾತು ಮಾತ್ರ. ಆದಕಾರಣ ನಟನಟಿಯರ ಚರಿತ್ರೆಯನ್ನು ಬರೆಯುವವರು ಪರರ ಸಾಕ್ಷ್ಯವನ್ನೇ ನೆಚ್ಚಬೇಕಾಗುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಪ್ಪುಜನಾಂಗದಲ್ಲಿ ಹುಟ್ಟಿ, ರಂಗಭೂಮಿಯಲ್ಲಿಯೂ ಟೆಲಿವಿಷನ್ನಿನಲ್ಲಿಯೂ ತನ್ನವರಿಗೆ ಮುಚ್ಚಿದ್ದ ಬಾಗಿಲುಗಳನ್ನು ಮೊದಲು ತೆರೆದ ಎಥೆಲ್ ವಾಟರ್ಸಳ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚಿನದು. ಆಕೆಯ ಮಹತ್ತರವಾದ ಪಾತ್ರವೊಂದು 1939ರ ನಾಟಕಶಾಲೆಯಲ್ಲಿಯೇ ಲೀನವಾಯಿತು. ಟೆಲಿವಿಷನ್ನಿನ ಇತಿಹಾಸಗ್ರಂಥಗಳಲ್ಲಾದರೋ ಆಕೆಯ ಹೆಸರು ಬರುವುದು ಬ್ಯೂಲಾ ಎಂಬ ಅಡಿಗೆಯವಳ ಪಾತ್ರದೊಡನೆ. ಆ ಒಂದು ಪಾತ್ರದಿಂದಲೇ ಆಕೆಯನ್ನು ಅಳೆಯುವುದು ನ್ಯಾಯವಲ್ಲ. ಹಾಗೆಂದು ಅದನ್ನು ಮುಚ್ಚಿಟ್ಟು ಸ್ತುತಿ ಮಾಡುವುದೂ ನ್ಯಾಯವಲ್ಲ.

ಆಕೆಯು ಹುಟ್ಟಿದ್ದು ಪೆನ್ಸಿಲ್ವೇನಿಯಾ ಸಂಸ್ಥಾನದ ಚೆಸ್ಟರ್ ಎಂಬ ಊರಿನಲ್ಲಿ, 1896ನೆಯ ಅಕ್ಟೋಬರ್ 31ರಂದು. ತನ್ನ ಆತ್ಮಚರಿತ್ರೆಯಲ್ಲಿ ಆಕೆಯು 1900 ಎಂದು ಹೇಳಿಕೊಂಡಿದ್ದರೂ ಈಚಿನ ಚರಿತ್ರಕಾರರು ಹಿಂದಿನ ವರ್ಷವನ್ನೇ ಒಪ್ಪಿದ್ದಾರೆ. ವಯಸ್ಸನ್ನು ನಾಲ್ಕು ವರ್ಷ ಇಳಿಸಿಕೊಳ್ಳುವುದು ನಟಿಯರಲ್ಲಿ ಅಪೂರ್ವವಾದ ಸಂಗತಿಯಲ್ಲ. ತಾಯಿ ಲೂಯಿಸ್ ಇನ್ನೂ ಹುಡುಗಿ. ಆಕೆಯ ಮೇಲೆ ನಡೆದ ಬಲಾತ್ಕಾರದಿಂದ ಹುಟ್ಟಿದ ಮಗು ಇದು. ಆ ತಾಯಿಯು ಮಗಳನ್ನು ಬಹುಕಾಲ ಹತ್ತಿರ ಸೇರಿಸಲಿಲ್ಲವೆಂದರೆ ಆಕೆಯನ್ನು ದೂಷಿಸುವವರು ಯಾರು? ಮಗುವನ್ನು ಸಾಕಿದವಳು ಅಜ್ಜಿ ಸ್ಯಾಲಿ ಆಂಡರ್ಸನ್.

ಈ ಅಜ್ಜಿಯ ವಿಚಾರವಾಗಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಏಕೆಂದರೆ ಮುಂದೆ ರಂಗದ ಮೇಲೆ ಮತ್ತೆಮತ್ತೆ ಕಾಣಿಸಿಕೊಂಡವಳು ಈಕೆಯೇ. ಸ್ಯಾಲಿಯು ಫಿಲಡೆಲ್ಫಿಯಾ ಪಟ್ಟಣದಲ್ಲಿಯೂ ಅದರ ಸುತ್ತಮುತ್ತಲೂ ಬಿಳಿಯರ ಮನೆಗಳಲ್ಲಿ ಊಳಿಗ ಮಾಡುತ್ತಿದ್ದಳು. ಒಡೆಯರ ಮನೆಯಲ್ಲಿಯೇ ರಾತ್ರಿ ಕಳೆಯಬೇಕಾದ ಕೆಲಸ. ಪರರ ಮಕ್ಕಳಿಗೆ ಹೊತ್ತುಹೊತ್ತಿಗೆ ಉಣಬಡಿಸಿ, ಒಗೆದು, ಒರಸಿ, ತನ್ನ ಮೊಮ್ಮಗಳು ಚಿಕ್ಕಮ್ಮಂದಿರ ಬಾಡಿಗೆ ಕೊಠಡಿಗಳಲ್ಲಿ ಅರೆಹೊಟ್ಟೆಯಲ್ಲಿ ಮಲಗಿರುವಳೆಂದು ತಿಳಿದೂ ಏನೂ ಮಾಡಲಾರದೆ ಬಾಳಿದವಳು. ಹುಡುಗಿಯು ಹಸಿವಿಗಾಗಿ ಅಂಗಡಿಯಲ್ಲಿ ಕದ್ದದ್ದೂ ಉಂಟು. ಕೆಲಕಾಲ ಕ್ಯಾಥೊಲಿಕ್ ಸಂನ್ಯಾಸಿನಿಯರ ಶಾಲೆಯಲ್ಲಿ ಓದಿದಳು. ಅಲ್ಲಿ ಸಿಕ್ಕಿದ ದಯೆಯನ್ನು ಕೊನೆಯವರೆಗೂ ನೆನೆಯುತ್ತಿದ್ದಳು. ಹದಿಮೂರರ ಪ್ರಾಯದಲ್ಲಿ ಮದುವೆಯಾಗಿ, ಗಂಡನ ಹೊಡೆತ ತಾಳಲಾರದೆ ಬಿಟ್ಟುಬಂದಳು. ಆಮೇಲೆ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕೊಠಡಿ ಗುಡಿಸುವ ಕೆಲಸ, ವಾರಕ್ಕೆ 4 ಡಾಲರು 75 ಸೆಂಟು. ಬಾಗಿಲು ಹಾಕಿಕೊಂಡು ಅತಿಥಿಗಳ ನಿಲುಗನ್ನಡಿಯ ಮುಂದೆ ತಾನೇ ನಟಿಯೂ ತಾನೇ ಪ್ರೇಕ್ಷಕಳೂ ಆಗಿ ಅಭಿನಯಿಸುತ್ತಿದ್ದಳೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಆಕೆಗೆ ದೊರೆತ ನಾಟ್ಯಶಿಕ್ಷಣವೆಂದರೆ ಅದೊಂದೇ.

ಹದಿನೇಳನೆಯ ಹುಟ್ಟುಹಬ್ಬದ ರಾತ್ರಿ ಗೆಳತಿಯರ ಒತ್ತಾಯದಿಂದ ಒಂದು ಪಾನಗೃಹದಲ್ಲಿ ಹಾಡಿದಳು. ಕೇಳಿದವರೊಬ್ಬರು ಬಾಲ್ಟಿಮೋರಿನ ಲಿಂಕನ್ ನಾಟಕಶಾಲೆಗೆ ವಾರಕ್ಕೆ 10 ಡಾಲರಿನ ಮೇಲೆ ಕರೆದೊಯ್ದರು. ಹೀಗೆ ಗಾಯಕಿಯಾದಳು. ತೆಳ್ಳಗೆ ಉದ್ದವಾಗಿದ್ದುದರಿಂದ ಹುರುಳಿಕಾಯಿಗೆ ಹೋಲಿಸಿ ಅಡ್ಡಹೆಸರಿಟ್ಟು ಆಕೆಯನ್ನು ಊರೂರು ತಿರುಗಿಸಿದರು. 1919ರ ಸುಮಾರಿಗೆ ನ್ಯೂಯಾರ್ಕಿನ ಹಾರ್ಲೆಂ ಎಂಬ ಕಪ್ಪುಜನರ ಕೇರಿಗೆ ಬಂದು ನೆಲೆಸಿದಳು. 1921ರಲ್ಲಿ ಹ್ಯಾರಿ ಪೇಸ್ ಎಂಬ ಕಪ್ಪುಜನಾಂಗದ ಉದ್ಯಮಿಯು ಬ್ಲ್ಯಾಕ್ ಸ್ವಾನ್ ಎಂಬ ಗ್ರಾಮಫೋನ್ ತಟ್ಟೆಗಳ ಕಂಪನಿಯನ್ನು ಸ್ಥಾಪಿಸಿದಾಗ, ಎಥೆಲಳ ತಟ್ಟೆಗಳೇ ಆ ಕಂಪನಿಗೆ ಮೊದಲು ಕೈಹಿಡಿದವು. ಆಕೆಯ ಗಾನವು ಬೆಸ್ಸಿ ಸ್ಮಿತ್ ಮೊದಲಾದ ಸಮಕಾಲೀನರ ಗಾನದಂತೆ ಗುಡುಗುವುದಲ್ಲ. ಪ್ರತಿಯೊಂದು ಅಕ್ಷರವೂ ಸ್ಪಷ್ಟ, ಪ್ರತಿಯೊಂದು ಪದಕ್ಕೂ ಭಾವ. ಹಾಡನ್ನು ಹಾಡುವುದಕ್ಕಿಂತ ಅದನ್ನು ಒಬ್ಬ ವ್ಯಕ್ತಿಯ ಮಾತಾಗಿ ಆಡುವುದೇ ಆಕೆಯ ಪದ್ಧತಿ. ಗಾಯಕಿಯೊಳಗೆ ನಟಿಯು ಕಾಯುತ್ತಿದ್ದಳೆಂಬುದು ಈ ತಟ್ಟೆಗಳನ್ನು ಕೇಳಿದವರಿಗೆ ತಿಳಿಯುತ್ತದೆ. 1925ರಲ್ಲಿ ಕೊಲಂಬಿಯಾ ಕಂಪನಿಗಾಗಿ ಹಾಡಿದ "ಡೈನಾ", 1929ರ ಚಲಚ್ಚಿತ್ರದ "ಆ್ಯಮ್ ಐ ಬ್ಲೂ", 1933ರಲ್ಲಿ ಕಾಟನ್ ಕ್ಲಬ್ಬಿನಲ್ಲಿ ಹಾಡಿದ "ಸ್ಟಾರ್ಮಿ ವೆದರ್" ಇವುಗಳಿಂದ ಆಕೆಯ ಕೀರ್ತಿಯು ದೇಶದಲ್ಲೆಲ್ಲ ಹರಡಿತು. ಈ ಕಾಟನ್ ಕ್ಲಬ್ ಎಂಬುದು ಹಾರ್ಲೆಮಿನಲ್ಲಿಯೇ ಇದ್ದರೂ ಕುಳಿತು ಕೇಳುವವರು ಬಿಳಿಯರು, ಹಾಡಿ ಕುಣಿಯುವವರು ಕಪ್ಪುಜನರು ಎಂಬ ಏರ್ಪಾಡಿನ ಸ್ಥಳ.

ಅಲ್ಲಿ ಆಕೆಯ ಗಾನವನ್ನು ಕೇಳಿದ ಅರ್ವಿಂಗ್ ಬರ್ಲಿನ್ ಎಂಬ ಪ್ರಖ್ಯಾತ ಗೀತಕಾರನು ತನ್ನ ಹೊಸ ಪ್ರದರ್ಶನಕ್ಕೆ ಆಕೆಯನ್ನು ಆರಿಸಿಕೊಂಡನು. 1933ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿಯಾದ ಬ್ರಾಡ್‌ವೇಯಲ್ಲಿ "ಆ್ಯಸ್ ಥೌಸಂಡ್ಸ್ ಚಿಯರ್" ಎಂಬ ಆ ಪ್ರದರ್ಶನವು ಆರಂಭವಾಯಿತು. ವೃತ್ತಪತ್ರಿಕೆಯ ಒಂದೊಂದು ಶೀರ್ಷಿಕೆಗೆ ಒಂದೊಂದು ಹಾಡು ಅಥವಾ ಹಾಸ್ಯಪ್ರಸಂಗ. ಇದು ಅದರ ರಚನೆ. ಉಳಿದ ಮುಖ್ಯ ನಟರೆಲ್ಲರೂ ಬಿಳಿಯರು. ಅಂತಹ ಮೇಳದಲ್ಲಿ ಕಪ್ಪುಜನಾಂಗದ ಹೆಂಗಸೊಬ್ಬಳು ಅವರಿಗೆ ಸಮನಾದ ಸ್ಥಾನದಲ್ಲಿ ನಿಂತದ್ದು ಬ್ರಾಡ್‌ವೇಯಲ್ಲಿ ಅದೇ ಮೊದಲು. ಹಾಸ್ಯದ ಪ್ರಸಂಗಗಳ ನಡುವೆ ಒಂದು ಶೀರ್ಷಿಕೆಯು ಬರುತ್ತಿತ್ತು: ಉದ್ರಿಕ್ತ ಗುಂಪಿನಿಂದ ಅಪರಿಚಿತ ಕರಿಯನೊಬ್ಬನ ಹತ್ಯೆ. ವಿಚಾರಣೆಯಿಲ್ಲದೆ ಗುಂಪು ಕೂಡಿ ಮನುಷ್ಯರನ್ನು ಮರಕ್ಕೆ ನೇಣುಹಾಕುವ ಕ್ರೌರ್ಯವು ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಆಗ ನಡೆಯುತ್ತಲೇ ಇದ್ದಿತು. ಅದಕ್ಕೆ ಬಲಿಯಾದವರು ಸಾವಿರಾರು ಮಂದಿ. ಆ ಶೀರ್ಷಿಕೆಯ ಕೆಳಗೆ ಎಥೆಲಳು "ಸಪ್ಪರ್ ಟೈಂ" ಎಂಬ ಹಾಡಿನಲ್ಲಿ ಆ ಹತನ ಹೆಂಡತಿಯಾಗಿ ನಿಲ್ಲುತ್ತಿದ್ದಳು. ಊಟದ ಹೊತ್ತಾಯಿತು, ಮೇಜಿನ ಮೇಲೆ ತಟ್ಟೆಗಳನ್ನು ಇಡಬೇಕು. ಮನೆಯ ಯಜಮಾನನು ಇನ್ನು ಬರುವಂತಿಲ್ಲ. ಮಕ್ಕಳಿಗೆ ಏನೆಂದು ಹೇಳುವುದು? ಇಷ್ಟೇ ಅದರ ವಸ್ತು. ನಗಲು ಬಂದ ಜನರ ಮುಂದೆ ಇದನ್ನು ಹಾಡಬಾರದೆಂದು ಕೆಲವರು ಆಕ್ಷೇಪಿಸಿದರು, ಬರ್ಲಿನ್ ಒಪ್ಪಲಿಲ್ಲ. ಪ್ರದರ್ಶನದ ಕೊನೆಯಲ್ಲಿ ಆಕೆಯೊಡನೆ ನಿಂತು ಪ್ರೇಕ್ಷಕರಿಗೆ ವಂದಿಸಲು ಮುಖ್ಯ ನಟರು ಹಿಂದೆಗೆದಾಗ, ಹಾಗಾದರೆ ಯಾರೂ ವಂದಿಸತಕ್ಕದ್ದಿಲ್ಲವೆಂದು ಆತನು ಹೇಳಿದನೆಂದೂ ಮರುದಿನ ಎಲ್ಲರೂ ಒಟ್ಟಿಗೆ ವಂದಿಸಿದರೆಂದೂ ಪ್ರತೀತಿ. ಈ ಪ್ರದರ್ಶನವು 400 ಸಲ ನಡೆಯಿತು. ಒಂದು ಕಾಲಕ್ಕೆ ಕೊಠಡಿ ಗುಡಿಸುತ್ತಿದ್ದವಳು ಈಗ ಬ್ರಾಡ್‌ವೇಯಲ್ಲಿ ಅತ್ಯಧಿಕ ವೇತನ ಪಡೆಯುವ ಕಲಾವಿದರಲ್ಲಿ ಒಬ್ಬಳಾದಳು.

ಆದರೂ ಹಾಡುವವಳಿಗೂ ನಟಿಗೂ ನಡುವೆ ಒಂದು ಗೋಡೆಯಿದ್ದಿತು. ಗಂಭೀರವಾದ ನಾಟಕದಲ್ಲಿ ಪ್ರಧಾನಪಾತ್ರವನ್ನು ಆಕೆಗೆ ಕೊಡುವವರಾರು? ಡ್ಯುಬೋಸ್ ಹೇವರ್ಡ್ ಎಂಬ ಲೇಖಕನ "ಮಾಂಬಾಳ ಹೆಣ್ಣುಮಕ್ಕಳು" ಎಂಬ ಕಾದಂಬರಿಯನ್ನು ಓದಿದಂದಿನಿಂದ ಅದರಲ್ಲಿಯ ಹೇಗರ್ ಎಂಬ ಪಾತ್ರವು ಆಕೆಯ ಮನಸ್ಸನ್ನು ಹಿಡಿದಿದ್ದಿತು. ಹೇಗರಳು ಚಾರ್ಲ್ಸ್‌ಟನ್ ಪ್ರಾಂತದ ಹೆಂಗಸು. ಮೈಯಲ್ಲಿ ಗಂಡಸಿನ ಬಲ, ಬುದ್ಧಿ ಮಂದ, ಮಾತು ಕಡಿಮೆ. ತನ್ನ ಮಗಳೊಬ್ಬಳು ಮೇಲೆ ಬರಲೆಂದು ತಾನು ದುಡಿಯುವಳು, ಸೆರೆಮನೆಯ ಶಿಕ್ಷೆಯನ್ನು ಅನುಭವಿಸುವಳು. ಕಡೆಗೆ ಮಗಳನ್ನು ಕೆಡಿಸಿದವನನ್ನು ಕೈಯಾರ ಕೊಂದು ತಾನೂ ಪ್ರಾಣ ಬಿಡುವಳು. ಇದು ಕಲ್ಪಿತ ವ್ಯಕ್ತಿಯಲ್ಲ, ತನ್ನ ತಾಯಿ ಲೂಯಿಸಳೇ ಎಂದು ಎಥೆಲಳಿಗೆ ತೋರಿತು. ಹೇವರ್ಡನೂ ಆತನ ಪತ್ನಿ ಡೊರೊತಿಯೂ ಸೇರಿ ಕಾದಂಬರಿಯನ್ನು ನಾಟಕವಾಗಿಸಿದರು. 1939ರ ಜನವರಿ 3ರಂದು ಎಂಪೈರ್ ನಾಟಕಶಾಲೆಯಲ್ಲಿ ಎಥೆಲಳು ಹೇಗರಳಾಗಿ ರಂಗವನ್ನು ಪ್ರವೇಶಿಸಿದಳು.

ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಭಾಗಿಸಿದ ನಾಟ್ಯಶಾಸ್ತ್ರಕಾರನು ಸಾತ್ತ್ವಿಕಕ್ಕೆ ಕೊಟ್ಟ ಹಿರಿಮೆ ಸಹೃದಯರಿಗೆ ತಿಳಿದದ್ದೇ. ಕೈಕಾಲಿನ ಚಲನೆಯನ್ನು ಗುರುವು ಕಲಿಸಬಹುದು, ಮಾತನ್ನು ತಿದ್ದಬಹುದು, ವೇಷವನ್ನು ತೊಡಿಸಬಹುದು. ಮನಸ್ಸು ತನ್ಮಯವಾದಾಗ ತಾನಾಗಿ ಉಕ್ಕುವ ಕಣ್ಣೀರನ್ನೂ ಕಂಪನವನ್ನೂ ಕಲಿಸುವವರಿಲ್ಲ. ಆ ರಾತ್ರಿ ಎಂಪೈರಿನಲ್ಲಿ ಕುಳಿತಿದ್ದವರು ಭರತನ ಹೆಸರನ್ನು ಕೇಳದಿದ್ದರೂ ಸಾತ್ತ್ವಿಕವೆಂದರೇನೆಂಬುದನ್ನು ಕಂಡರು. ತೆರೆ ಬಿದ್ದ ಮೇಲೆ 17 ಸಲ ಆಕೆಯನ್ನು ಮುಂದಕ್ಕೆ ಕರೆದರಂತೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕ ಬ್ರೂಕ್ಸ್ ಆಟ್ಕಿನ್ಸನ್ ಮಾತ್ರ ಆಕೆಯ ಅಭಿನಯವನ್ನು ಮೆಚ್ಚಲಿಲ್ಲ. ಅದನ್ನೋದಿ ಸಿಟ್ಟಾದ ಕಾರ್ಲ್ ವ್ಯಾನ್ ವೆಖ್ಟನ್ ಮುಂತಾದ ಲೇಖಕರೂ ಕಲಾವಿದರೂ ತಮ್ಮ ಹಣದಿಂದ ಅದೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಇದು ಮಹತ್ತಾದ ಅಭಿನಯವೆಂದು ಸಹಿಹಾಕಿದರು. ವಿಮರ್ಶಕನು ಮತ್ತೊಮ್ಮೆ ನಾಟಕಕ್ಕೆ ಹೋಗಿ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು. ವಿಮರ್ಶಕರಲ್ಲಿ ಇಂತಹ ಗುಣವು ವಿರಳವಾದುದರಿಂದ ಇದನ್ನು ಆತನ ಖಾತೆಗೂ ಜಮಾ ಮಾಡಬೇಕು.

ಅದೇ ವರ್ಷದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಆಗ ಬಹುಜನರು ಗಮನಿಸಲಿಲ್ಲ. ನ್ಯೂಯಾರ್ಕಿನ ವಿಶ್ವಪ್ರದರ್ಶನವು 1939ರ ಏಪ್ರಿಲ್ 30ರಂದು ಆರಂಭವಾದಾಗ ಎನ್.ಬಿ.ಸಿ. ಸಂಸ್ಥೆಯು ಟೆಲಿವಿಷನ್ ಪ್ರಸಾರವನ್ನು ಜನರ ಮುಂದಿಟ್ಟಿತು. ನಗರದಲ್ಲಿ ಆ ಯಂತ್ರವನ್ನು ಇಟ್ಟುಕೊಂಡಿದ್ದ ಮನೆಗಳು ಬೆರಳೆಣಿಕೆಗೆ ಸಮೀಪವಾದವು. ಅಲ್ಲಿಂದ ಆರೇಳು ವಾರಗಳೊಳಗಾಗಿ, ಜೂನ್ 14ರ ರಾತ್ರಿ, ಆ ಸಂಸ್ಥೆಯು ಎಥೆಲ್ ವಾಟರ್ಸಳ ಹೆಸರಿನಲ್ಲಿಯೇ ಒಂದು ಕಾರ್ಯಕ್ರಮವನ್ನು ಪ್ರಸಾರಮಾಡಿತು. ಅದರಲ್ಲಿ ಹಾಡೂ ಹಾಸ್ಯವೂ ಇದ್ದುವಲ್ಲದೆ, ಆಕೆಯು ಫ್ರೆಡಿ ವಾಷಿಂಗ್ಟನ್, ಜಾರ್ಜೆಟ್ ಹಾರ್ವಿ ಎಂಬ ತನ್ನ ಸಹನಟಿಯರೊಡನೆ ಹೇಗರಳ ನಾಟಕದ ಒಂದು ದೃಶ್ಯವನ್ನೂ ಅಭಿನಯಿಸಿದಳು. ಕಪ್ಪುಜನಾಂಗದ ಕಲಾವಿದೆಯೊಬ್ಬಳ ಹೆಸರಿನಲ್ಲಿ ಟೆಲಿವಿಷನ್ ಕಾರ್ಯಕ್ರಮವು ನಡೆದುದಕ್ಕೆ ಇದಕ್ಕಿಂತ ಹಿಂದಿನ ಉದಾಹರಣೆಯಿಲ್ಲ. ಅಂದಿನ ಪ್ರಸಾರವನ್ನು ಮುದ್ರಿಸಿಟ್ಟುಕೊಳ್ಳುವ ಉಪಾಯವು ರೂಢಿಗೆ ಬಂದಿರಲಿಲ್ಲವಾಗಿ ಆ ಬೆಳಕಿನ ಚಿತ್ರಗಳು ಗಾಳಿಯಲ್ಲಿಯೇ ಕರಗಿಹೋದವು. ಆ ಯಂತ್ರವು ಹಸುಳೆಯಾಗಿದ್ದಾಗಲೇ ಈಕೆಯ ಮುಖವನ್ನು ಕಂಡಿತು. ಅಷ್ಟೇ ಅಲ್ಲ, ಅಡಿಗೆಯವಳ ವೇಷದಲ್ಲಲ್ಲ, ದುರಂತನಾಟಕದ ನಾಯಿಕೆಯಾಗಿ ಕಂಡಿತು. ಮುಂದೆ ಹನ್ನೊಂದು ವರ್ಷಗಳ ತರುವಾಯ ಅದೇ ಯಂತ್ರವು ಆಕೆಗೆ ಏನನ್ನು ಕೊಟ್ಟಿತೆಂಬುದನ್ನು ನೋಡುವಾಗ ಈ ಮಾತನ್ನು ನೆನಪಿಡಬೇಕು.

ನಡುವಣ ಹತ್ತು ವರ್ಷಗಳಲ್ಲಿ ಏಳಿಗಿಂತ ಬೀಳೇ ಹೆಚ್ಚು. 1940ರ "ಕ್ಯಾಬಿನ್ ಇನ್ ದಿ ಸ್ಕೈ" ಎಂಬ ಗೀತನಾಟಕದಲ್ಲಿ ಪೆಟೂನಿಯಾ ಎಂಬ ಭಕ್ತೆಯ ಪಾತ್ರವು ಹೆಸರು ತಂದಿತು. 1943ರಲ್ಲಿ ಅದು ಚಲಚ್ಚಿತ್ರವಾಯಿತು. ಚಿತ್ರೀಕರಣದ ಕಾಲದಲ್ಲಿ ತರುಣಿಯಾದ ಲೀನಾ ಹಾರ್ನ್ ಎಂಬ ನಟಿಯ ಮೇಲೆ ಎಥೆಲಳು ಕೆಂಡ ಕಾರಿದಳು. ಆಕೆಯ ಕೋಪವೂ ಸಂಶಯವೂ ಪ್ರಸಿದ್ಧವಾದವು. ಬಾಲ್ಯದಲ್ಲಿ ಯಾರನ್ನೂ ನಂಬಲಾಗದೆ ಬೆಳೆದವಳು ದೊಡ್ಡವಳಾದ ಮೇಲೂ ನಂಬುವುದನ್ನು ಕಲಿಯಲಿಲ್ಲ. ಇದರ ಫಲವಾಗಿ ಆರು ವರ್ಷ ಹಾಲಿವುಡ್ಡಿನ ಬಾಗಿಲು ಮುಚ್ಚಿತು. ಗಳಿಸಿದ ಹಣವು ನಿಲ್ಲಲಿಲ್ಲ. 1949ರಲ್ಲಿ "ಪಿಂಕಿ" ಎಂಬ ಚಿತ್ರದಲ್ಲಿ ಬಟ್ಟೆ ಒಗೆದು ಮೊಮ್ಮಗಳನ್ನು ಓದಿಸಿದ ಅಜ್ಜಿಯಾಗಿ ಆಕೆಯು ಮರಳಿ ಬಂದಳು. ಆಸ್ಕರ್ ಪಾರಿತೋಷಕಕ್ಕೆ ಆಕೆಯ ಹೆಸರು ಸೂಚಿತವಾಯಿತು. ಹ್ಯಾಟಿ ಮೆಕ್ಡ್ಯಾನಿಯಲ್ ಎಂಬಾಕೆಯ ತರುವಾಯ ನಟನೆಗಾಗಿ ಈ ಗೌರವಕ್ಕೆ ಪಾತ್ರಳಾದ ಕಪ್ಪುಜನಾಂಗದವಳು ಈಕೆಯೇ. ಬಿಳಿಯಳಂತೆ ಕಾಣುವ ಆ ಮೊಮ್ಮಗಳ ಪಾತ್ರವನ್ನು ಮಾತ್ರ ನಿಜವಾದ ಬಿಳಿಯ ನಟಿಗೇ ಕೊಟ್ಟರು!

ಇನ್ನು 1950ನೆಯ ವರ್ಷಕ್ಕೆ ಬರೋಣ. ಆಕೆಯ ಜೀವನದ ಮರ್ಮವೆಲ್ಲ ಆ ಒಂದು ವರ್ಷದಲ್ಲಿ ಅಡಗಿದೆ. ಜನವರಿ 5ರಂದು ಅದೇ ಎಂಪೈರ್ ನಾಟಕಶಾಲೆಯಲ್ಲಿ ಕಾರ್ಸನ್ ಮೆಕಲರ್ಸ್ ಎಂಬ ಲೇಖಕಿಯ "ದಿ ಮೆಂಬರ್ ಆಫ್ ದಿ ವೆಡಿಂಗ್" ಎಂಬ ನಾಟಕವು ಆರಂಭವಾಯಿತು. ಅಕ್ಟೋಬರ್ 3ರಂದು ಎ.ಬಿ.ಸಿ. ಸಂಸ್ಥೆಯ ಟೆಲಿವಿಷನ್ನಿನಲ್ಲಿ "ಬ್ಯೂಲಾ" ಎಂಬ ಸಾಪ್ತಾಹಿಕ ಹಾಸ್ಯಮಾಲೆಯು ಆರಂಭವಾಯಿತು. ನಾಟಕವು 501 ಸಲ ನಡೆದು 1951ರ ಮಾರ್ಚಿಯವರೆಗೂ ಬಾಳಿದುದರಿಂದ, ಕೆಲವು ತಿಂಗಳ ಕಾಲ ಒಬ್ಬಳೇ ನಟಿಯು ಒಂದೇ ನಗರದಲ್ಲಿ ಎರಡು ಅಡಿಗೆಮನೆಗಳಲ್ಲಿ ಎರಡು ಬಗೆಯ ಅಡಿಗೆಯವಳಾಗಿದ್ದಳು.

ನಾಟಕದ ಅಡಿಗೆಮನೆಯು ಜಾರ್ಜಿಯಾ ಸಂಸ್ಥಾನದ ಒಂದು ಸಣ್ಣ ಊರಿನದು. ತಾಯಿಯಿಲ್ಲದ ಹನ್ನೆರಡು ವರ್ಷದ ಫ್ರಾಂಕಿ ಎಂಬ ಹುಡುಗಿ, ನೆಂಟರ ಪುಟ್ಟ ಹುಡುಗ ಜಾನ್ ಹೆನ್ರಿ, ಅವರಿಬ್ಬರಿಗೂ ಆಸರೆಯಾದ ಅಡಿಗೆಯವಳು ಬರ್ನಿಸ್: ಈ ಮೂವರ ಮಾತುಕತೆಯೇ ಬಹುಮಟ್ಟಿಗೆ ನಾಟಕ. ಬರ್ನಿಸಳಿಗೆ ತನ್ನದೇ ಆದ ಬಾಳು ಉಂಟು. ನಾಲ್ಕು ಸಲ ಮದುವೆಯಾದವಳು; ಮೊದಲನೆಯ ಗಂಡನನ್ನು ಕಳೆದುಕೊಂಡ ಮೇಲೆ ಉಳಿದವರಲ್ಲಿ ಅವನನ್ನೇ ಹುಡುಕಿ ಸೋತವಳು. ಆಕೆಯ ಸಾಕುತಮ್ಮನು ಬಿಳಿಯರ ಅವಮಾನವನ್ನು ನುಂಗಲಾರದೆ ಸೆರೆಮನೆಯಲ್ಲಿ ಜೀವ ಕಳೆದುಕೊಳ್ಳುವನು. ಪುಟ್ಟ ಹುಡುಗನು ರೋಗದಿಂದ ಸಾಯುವನು. ಫ್ರಾಂಕಿಯು ಬೆಳೆದು ಹೊಸ ಗೆಳತಿಯರನ್ನು ಹಿಡಿದು ಅಡಿಗೆಯವಳನ್ನು ಮರೆಯುವಳು. ಕೊನೆಗೆ ಸಾಮಾನು ಸಾಗಿಸಿದ ಬರಿಯ ಅಡಿಗೆಮನೆಯಲ್ಲಿ ಬರ್ನಿಸಳೊಬ್ಬಳೇ ಕುಳಿತಿರುವಾಗ ತೆರೆ ಬೀಳುವುದು.

ಈ ಪಾತ್ರವನ್ನು ಎಥೆಲಳು ಮೊದಲು ನಿರಾಕರಿಸಿದ್ದಳು. ಬರೆದಿದ್ದ ರೂಪದಲ್ಲಿ ಅದರೊಳಗೆ ದೇವರೇ ಇಲ್ಲವೆಂಬುದು ಆಕೆಯ ಆಕ್ಷೇಪ. ತನಗೆ ತಿಳಿದಂತೆ ಪಾತ್ರವನ್ನು ಅರ್ಥಮಾಡಿಕೊಳ್ಳಲು ಬಿಟ್ಟರೆ ಮಾತ್ರ ಅಭಿನಯಿಸುವೆನೆಂದು ಹೇಳಿ ಒಪ್ಪಿಕೊಂಡಳು. ಮಕ್ಕಳಿಬ್ಬರನ್ನೂ ಮಡಿಲಿಗೆ ಎಳೆದುಕೊಂಡು ಹಾಡುವ ದೃಶ್ಯವೊಂದಿತ್ತು. ಲೇಖಕಿಯು ಅಲ್ಲಿ ಬೇರೊಂದು ಜೋಗುಳವನ್ನು ಇಡಬೇಕೆಂದಿದ್ದಳು. ಎಥೆಲಳು ಅದನ್ನು ಬಿಟ್ಟು ತನ್ನ ಅಜ್ಜಿಗೆ ಪ್ರಿಯವಾಗಿದ್ದ ಒಂದು ಭಕ್ತಿಗೀತೆಯನ್ನು ಹಾಡಿದಳು. ಗುಬ್ಬಿಯನ್ನೂ ಕಾಯುವ ಭಗವಂತನು ಮನುಷ್ಯನನ್ನು ಕೈಬಿಡನೆಂಬುದು ಅದರ ಅರ್ಥ. ಬಿಳಿಯರ ಮಕ್ಕಳನ್ನು ಎದೆಗವಚಿಕೊಂಡು ಅಜ್ಜಿಯ ಹಾಡನ್ನು ಹಾಡುತ್ತಿದ್ದ ಮೊಮ್ಮಗಳು ಅಲ್ಲಿ ಯಾರಾಗಿದ್ದಳೆಂಬುದನ್ನು ಹೇಳಬೇಕಾದುದಿಲ್ಲ. ಕರುಣವೊಂದೇ ರಸ, ಉಳಿದವೆಲ್ಲ ಅದರ ರೂಪಾಂತರಗಳೆಂದು ಸಾಧಿಸಿದ ಭವಭೂತಿಯು ಇದನ್ನು ನೋಡಿದ್ದರೆ ತನ್ನ ಪಕ್ಷಕ್ಕೆ ಒಬ್ಬ ಸಾಕ್ಷಿ ದೊರೆತನೆಂದು ಭಾವಿಸುತ್ತಿದ್ದನು. ಫ್ರಾಂಕಿಯಾಗಿ ಜೂಲಿ ಹ್ಯಾರಿಸ್, ಹುಡುಗನಾಗಿ ಬ್ರ್ಯಾಂಡನ್ ಡಿವೈಲ್ಡ್ ಎಂಬ ಬಾಲನಟನು ಆಕೆಗೆ ಸರಿಜೋಡಿಯಾಗಿದ್ದರು. ಈ ಮೂವರನ್ನೇ ಇಟ್ಟುಕೊಂಡು 1952ರಲ್ಲಿ ತೆಗೆದ ಚಲಚ್ಚಿತ್ರವು ಉಳಿದಿರುವುದು ಭಾಗ್ಯ.

ಇನ್ನೊಂದು ಅಡಿಗೆಮನೆಯ ಕಥೆ ಬೇರೆ. ಬ್ಯೂಲಾ ಎಂಬ ಪಾತ್ರವು ಹುಟ್ಟಿದ್ದು ರೇಡಿಯೋದಲ್ಲಿ. ಅದನ್ನು ಹುಟ್ಟಿಸಿ ನುಡಿದವನು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸು! ಧ್ವನಿಯನ್ನು ಬದಲಿಸಿ ಆತನು ಕಪ್ಪುಜನಾಂಗದ ಸೇವಕಿಯಂತೆ ಮಾತನಾಡಿದರೆ ಜನರು ನಗುತ್ತಿದ್ದರು. ಆತನ ಮರಣಾನಂತರ ಮತ್ತೊಬ್ಬ ಬಿಳಿಯನು ಆ ಧ್ವನಿಯನ್ನು ಮುಂದುವರಿಸಿದನು. 1947ರಲ್ಲಿ ಮಾತ್ರ ಅದು ಹ್ಯಾಟಿ ಮೆಕ್ಡ್ಯಾನಿಯಲಳಿಗೆ ಬಂದಿತು. ಟೆಲಿವಿಷನ್ನಿಗೆ ಬಂದಾಗ ಎಥೆಲಳು ಆ ಪಾತ್ರವನ್ನು ವಹಿಸಿ, ರಾಷ್ಟ್ರವ್ಯಾಪಿಯಾದ ಟೆಲಿವಿಷನ್ ಮಾಲೆಯೊಂದರ ನಾಯಿಕೆಯಾದ ಕಪ್ಪುಜನಾಂಗದ ಮೊದಲನೆಯ ಹೆಂಗಸಾದಳು. ಅಂತಹ ಪ್ರಥಮಸ್ಥಾನವು ಎಂತಹ ಪಾತ್ರದಲ್ಲಿ ದೊರೆಯಿತು! ಹೆಂಡರ್ಸನ್ ಎಂಬ ಬಿಳಿಯ ಸಂಸಾರದ ಊಳಿಗದವಳು, ಅವರ ಚಿಲ್ಲರೆ ತೊಂದರೆಗಳನ್ನು ಪರಿಹರಿಸುವುದೇ ಆಕೆಯ ಬಾಳು, ಸದಾ ನಗುಮುಖ. ಆಕೆಯ ಗೆಳತಿಯು ಪೆದ್ದಿ, ಗೆಳೆಯನು ಸೋಮಾರಿ. ಆ ಗೆಳೆಯನ ಪಾತ್ರವನ್ನು ವಹಿಸಿದ್ದ ನಟನು ತನ್ನ ಜನರ ಮಾನಕ್ಕೆ ಇದು ಹಾನಿಯೆಂದು ಬಿಟ್ಟುಹೋದನು. ಕಪ್ಪುಜನರ ಹಕ್ಕುಗಳಿಗಾಗಿ 1909ರಲ್ಲಿ ಸ್ಥಾಪಿತವಾದ ಎನ್.ಎ.ಎ.ಸಿ.ಪಿ. ಎಂಬ ಸಂಘವು 1951ರಲ್ಲಿ ಈ ಮಾಲೆಯನ್ನೂ ಇದರಂತಹ ಇನ್ನೊಂದನ್ನೂ ಬಹಿರಂಗವಾಗಿ ಖಂಡಿಸಿತು.

ಖಂಡನೆಯು ಸಾಧುವಾದುದೇ. ಊಳಿಗದವರನ್ನು ರಂಗದ ಮೇಲೆ ತರಬಾರದೆಂದು ಯಾರೂ ಹೇಳಲಾರರು. ನಮ್ಮ ಸಂಸ್ಕೃತ ನಾಟಕಗಳಲ್ಲಿ ಚೇಟಚೇಟಿಯರಿಲ್ಲದ ಅಂಕಗಳೇ ಕಡಿಮೆ. ಅವರಿಗೆ ಸಂಸ್ಕೃತವನ್ನು ಕೊಡದೆ ಪ್ರಾಕೃತವನ್ನು ಕೊಟ್ಟದ್ದೂ ಒಂದು ಬಗೆಯ ಮೇಲುಕೀಳೇ. ಆದರೂ ಮೃಚ್ಛಕಟಿಕದ ಸ್ಥಾವರಕನನ್ನು ನೋಡಬೇಕು. ಒಡೆಯನಾದ ಶಕಾರನು ವಸಂತಸೇನೆಯನ್ನು ಕೊಲ್ಲೆಂದಾಗ, ಹೊಡೆದರೂ ಬಡಿದರೂ ಪಾಪಕ್ಕೆ ಕೈಹಾಕೆನೆಂದು ನಿಂತವನು ಆ ದಾಸನು. ನಿರಪರಾಧಿಯನ್ನು ಉಳಿಸಲು ಉಪ್ಪರಿಗೆಯಿಂದ ಧುಮುಕಿದವನೂ ಅವನೇ. ಪ್ರಾಕೃತದಲ್ಲಿ ಮಾತನಾಡಿದ ಮಾತ್ರಕ್ಕೆ ಅವನ ಘನತೆಗೆ ಕುಂದಿಲ್ಲ, ಶೂದ್ರಕನು ಅವನಿಗೆ ಮನಸ್ಸಾಕ್ಷಿಯನ್ನು ಕೊಟ್ಟನು. ಬರ್ನಿಸಳಿಗೆ ಮೆಕಲರ್ಸಳು ದುಃಖವನ್ನೂ ನೆನಪನ್ನೂ ಕೊಟ್ಟಳು. ಬ್ಯೂಲಾಳಿಗೆ ಬರೆದವರು ಒಡೆಯರ ಊಟದ ಚಿಂತೆಯನ್ನು ಬಿಟ್ಟು ಬೇರೇನನ್ನೂ ಕೊಡಲಿಲ್ಲ. ದೋಷವಿರುವುದು ಸೌಟಿನಲ್ಲಲ್ಲ, ಲೇಖನಿಯಲ್ಲಿ.

ಹಾಗಾದರೆ ಆಕೆಯು ಒಪ್ಪಿಕೊಂಡದ್ದೇಕೆ? ಉತ್ತರವು ಸರಳವೂ ಕಠಿನವೂ ಆಗಿದೆ. ಆಕೆಗೆ ಸಾಲವಿತ್ತು, ಸರ್ಕಾರಕ್ಕೆ ಕೊಡಬೇಕಾದ ತೆರಿಗೆಯ ಬಾಕಿಯಿತ್ತು, ವಯಸ್ಸು ಐವತ್ತನ್ನು ದಾಟಿತ್ತು. ಖಂಡಿಸಿದವರು ಆಕೆಯನ್ನು ಬ್ಯೂಲಾಳಾಗಬೇಡವೆಂದರು. ಆದರೆ ಬೇರೆ ಯಾರಾಗಬಹುದೆಂದು ತೋರಿಸುವ ಶಕ್ತಿಯು ಅವರ ಕೈಯಲ್ಲಿರಲಿಲ್ಲ, ಅದು ಪ್ರಸಾರಸಂಸ್ಥೆಗಳ ಮತ್ತು ಜಾಹೀರಾತಿಗೆ ಹಣ ಕೊಡುವ ವ್ಯಾಪಾರಿಗಳ ಕೈಯಲ್ಲಿದ್ದಿತು. ಶ್ರಾದ್ಧದ ಪಂಕ್ತಿಯಿಂದ ಕುಶೀಲವರನ್ನು ಹೊರಗಿಟ್ಟ ಮನುವಿನ ಕಾಲದಿಂದಲೂ ನಟರನ್ನು ನೋಡಿ ನಲಿಯುವವರು ಅವರ ಮನೆಯ ಒಲೆ ಉರಿಯುವುದೋ ಇಲ್ಲವೋ ಎಂದು ಕೇಳಿದವರಲ್ಲ. ಒಂದು ವರ್ಷದ ತರುವಾಯ ಆಕೆಯು ಆ ಪಾತ್ರವನ್ನು ಬಿಟ್ಟಳು. ಆಮೇಲೆ ಬಂದ ಹ್ಯಾಟಿ ಮೆಕ್ಡ್ಯಾನಿಯಲಳು ಕೆಲವೇ ಕಥೆಗಳನ್ನು ಮುಗಿಸಿ ರೋಗಗ್ರಸ್ತಳಾಗಿ 1952ರಲ್ಲಿ ತೀರಿಕೊಂಡಳು. ಲೂಯಿಸ್ ಬೀವರ್ಸಳು ಮುಂದುವರಿಸಿದಳು. 1953ರಲ್ಲಿ ಮಾಲೆಯು ನಿಂತಿತು. ಕಪ್ಪುಜನಾಂಗದ ಹೆಂಗಸೊಬ್ಬಳು ಸೇವಕಿಯಲ್ಲದ ಪಾತ್ರದಲ್ಲಿ ಟೆಲಿವಿಷನ್ ಮಾಲೆಯ ನಾಯಿಕೆಯಾಗಲು 1968ರವರೆಗೆ, ಡಯಾನ್ ಕ್ಯಾರಲ್ ಎಂಬಾಕೆಯು "ಜೂಲಿಯಾ" ಎಂಬ ದಾದಿಯಾಗುವವರೆಗೆ, ಕಾಯಬೇಕಾಯಿತು.

1951ರಲ್ಲಿ ಪ್ರಕಟವಾದ ಆಕೆಯ ಆತ್ಮಚರಿತ್ರೆಗೆ ಅಜ್ಜಿಯ ಆ ಭಕ್ತಿಗೀತೆಯ ಹೆಸರನ್ನೇ ಇಟ್ಟಳು. ತಾಯಿಯ ಅವಮಾನವನ್ನಾಗಲಿ ತನ್ನ ಹಸಿವು ಕಳ್ಳತನಗಳನ್ನಾಗಲಿ ಮುಚ್ಚಿಡದೆ ಹೇಳಿದ ಆ ಗ್ರಂಥವನ್ನು ಬಹುಜನರು ಓದಿದರು. ಆದರೆ ಕೆಲಸವು ಕಡಿಮೆಯಾಗುತ್ತ ಬಂದಿತು. 1953ರಲ್ಲಿ ಎಂಪೈರ್ ನಾಟಕಶಾಲೆಯನ್ನೂ ಕೆಡವಿಹಾಕಿದರು. ಹೇಗರಳೂ ಬರ್ನಿಸಳೂ ನಿಂತಿದ್ದ ರಂಗವೇ ಇಲ್ಲದಂತಾಯಿತು. 1957ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಿಲ್ಲಿ ಗ್ರಹಾಂ ಎಂಬ ಕ್ರೈಸ್ತ ಪ್ರವಚನಕಾರನ ಸಭೆಗಳು ನಡೆದಾಗ, ಒಂದು ಸಂಜೆ ಕೇಳಲು ಹೋದವಳು ಮರುದಿನಗಳಲ್ಲಿ ಗಾಯಕವೃಂದದಲ್ಲಿ ಸಾಮಾನ್ಯಳಾಗಿ ಕುಳಿತು ಹಾಡತೊಡಗಿದಳು. ಮುಂದಣ ವರ್ಷಗಳಲ್ಲಿ ಬಹುಭಾಗವು ಅದಕ್ಕೇ ಮೀಸಲಾಯಿತು. 1959ರಲ್ಲಿ ಫಾಕ್ನರನ ಕಾದಂಬರಿಯೊಂದರ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡಳು. ಅದೂ ಡಿಲ್ಸಿ ಎಂಬ ಅಡಿಗೆಯವಳಾಗಿ.

1961ರ ಅಕ್ಟೋಬರ್ 6ರಂದು "ರೂಟ್ 66" ಎಂಬ ಟೆಲಿವಿಷನ್ ಮಾಲೆಯ ಒಂದು ಕಥೆಯಲ್ಲಿ ಆಕೆಗೆ ಬೇರೆ ಬಗೆಯ ಪಾತ್ರವು ದೊರೆಯಿತು. ಮರಣಶಯ್ಯೆಯಲ್ಲಿರುವ ಹಳೆಯ ಗಾಯಕಿ. ತನ್ನ ಮೇಳದ ವಾದ್ಯಗಾರರನ್ನು ಸಾಯುವ ಮೊದಲು ಇನ್ನೊಮ್ಮೆ ಕೂಡಿಸಿ ನೋಡಬೇಕೆಂಬುದು ಆಕೆಯ ಹಂಬಲ. ಸೌಟಿಲ್ಲ, ಮುಂದುಡುಪಿಲ್ಲ, ಉಣಬಡಿಸಬೇಕಾದ ಒಡೆಯರಿ‌ಲ್ಲ. ಈ ಅಭಿನಯಕ್ಕಾಗಿ 1962ರಲ್ಲಿ ಟೆಲಿವಿಷನ್ನಿನ ಎಮ್ಮಿ ಪಾರಿತೋಷಕಕ್ಕೆ ಆಕೆಯ ಹೆಸರು ಸೂಚಿತವಾಯಿತು. ಕಪ್ಪುಜನಾಂಗದ ನಟಿಯೊಬ್ಬಳಿಗೆ ಆ ಮನ್ನಣೆಯು ದೊರೆತದ್ದು ಅದೇ ಮೊದಲು. ಪಾರಿತೋಷಕವು ಬೇರೆಯವರ ಪಾಲಾಯಿತು.

ಕೊನೆಗಾಲದಲ್ಲಿ ದೇಹವು ರೋಗಗಳಿಗೆ ಮನೆಯಾಗಿ ದೃಷ್ಟಿಯೂ ಮಂದವಾಯಿತು. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದವರ ಮನೆಯಲ್ಲಿ 1977ನೆಯ ಸೆಪ್ಟೆಂಬರ್ 1ರಂದು ಎಥೆಲ್ ವಾಟರ್ಸಳು ತೀರಿಕೊಂಡಳು. ಆಕೆಗೆ ಆಗ ಎಂಬತ್ತು ವರ್ಷ. 1994ರಲ್ಲಿ ಅಮೆರಿಕಾದ ಅಂಚೆ ಇಲಾಖೆಯು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಅದರಲ್ಲಿ ಆಕೆಯನ್ನು ಚಿತ್ರಿಸಿರುವುದು ಗಾಯಕಿಯಾಗಿ.